ಹಬ್ಬದ ದಿನ ಕಾರವಾರದಲ್ಲಿ ಆರೋಗ್ಯ ಕೆಟ್ಟರೆ

ಸದಾಶಿವಗಡದ ಶಾಲೆಗೆ ವರ್ಗವಾಗಿ ಬರುತ್ತಿದ್ದೀರಿ, ಜೊತೆಗೆ ವಯಸ್ಸಾದ ತಾಯಿ ಇದ್ದಾರೆ. ರಜೆಯ ದಿನ ಅವರಿಗೆ ಏನಾದರೂ ಆದರೆ ಎಲ್ಲಿಗೆ ಓಡಬೇಕು ಎಂದು ಕೇಳಿದ್ದೀರಿ. ಬಾಡಿಗೆ ಮನೆ ಹುಡುಕುವ ಮೊದಲೇ ಇದನ್ನು ಕೇಳಿದ್ದು ಒಳ್ಳೆಯದಾಯಿತು.

ರಜೆಯ ದಿನ ಯಾವ ಡಾಕ್ಟರು ಇದ್ದಾರೆಂದು ಕ್ಲಿನಿಕ್ಕುಗಳನ್ನು ಸುತ್ತಬೇಡಿ. ನೇರವಾಗಿ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 2016ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಅದಕ್ಕೆ ‘ಕ್ರಿಮ್ಸ್’ (ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಇಂಗ್ಲಿಷ್ ಹೆಸರಿನ ಚುಟುಕು) ಎಂಬ ಹೆಸರೂ ಅಂಟಿಕೊಂಡಿದೆ. ಸರ್ಕಾರಿ ರಜೆಯಲ್ಲಿ ಹೊರರೋಗಿ ವಿಭಾಗಕ್ಕೆ ಬೀಗ ಬೀಳುತ್ತದೆ, ತುರ್ತು ವಿಭಾಗಕ್ಕೆ ಬೀಳುವುದಿಲ್ಲ. ಮುಚ್ಚಿದ ಚೀಟಿ ಕೌಂಟರ್ ಕಂಡು ಆಸ್ಪತ್ರೆಯೇ ಇಲ್ಲವೆಂದು ಹಿಂದಿರುಗಿದವರನ್ನು ನಾನು ನೋಡಿದ್ದೇನೆ.

ನಾನೂ ಇದನ್ನು ಕಲಿತದ್ದು ಒಂದು ಚೌತಿಯ ದಿನ. ಅತ್ತೆಯವರು ಸ್ಟೂಲಿನ ಮೇಲೆ ನಿಂತು ಗಣಪತಿಯ ಮೇಲಿನ ಮಂಟಪಕ್ಕೆ ಫಲಾವಳಿ, ಅಂದರೆ ಹಣ್ಣು-ಕಾಯಿಗಳ ಅಲಂಕಾರ, ಕಟ್ಟುತ್ತಿದ್ದರು. ಕೈಯಲ್ಲಿದ್ದ ಸೌತೆಕಾಯಿಯನ್ನು ಕೆಳಗಿಟ್ಟು, ಎಡಭುಜ ಹಿಡಿದುಕೊಂಡು ಕುಳಿತರು. ನೆತ್ತಿಯಿಂದ ಬೆವರು ಇಳಿಯುತ್ತಿತ್ತು. ಬೆಳಗಿನಿಂದ ಉಪವಾಸ, ಗ್ಯಾಸ್ ಇರಬೇಕು ಎಂದರು, ನಾವೂ ನಂಬಿದೆವು. ಪರಿಚಯದ ಕ್ಲಿನಿಕ್ಕಿನ ಶಟರ್ ಮೇಲೆ ‘ಹಬ್ಬದ ನಿಮಿತ್ತ ಎರಡು ದಿನ ರಜೆ’ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಂಟಿಸಿದ್ದರು. ಇನ್ನೊಂದು ಕಡೆ ಬಾಗಿಲು ತೆರೆದಿತ್ತು, ಡಾಕ್ಟರು ಊರಿಗೆ ಹೋಗಿದ್ದರು. ಹೀಗೆ ಮುಕ್ಕಾಲು ಗಂಟೆ ಕಳೆದೆವು. ಕೊನೆಗೆ ಜಿಲ್ಲಾ ಆಸ್ಪತ್ರೆಗೆ ಹೋದಾಗ ಅಲ್ಲಿದ್ದ ಕಿರಿಯ ವೈದ್ಯೆ ಒಂದು ಮಾತೂ ಕೇಳದೆ ಮೊದಲು ಇಸಿಜಿ ಮಾಡಿಸಿದರು. ಕಾಗದದ ಪಟ್ಟಿ ಹೊರಬರುತ್ತಿದ್ದಂತೆ ಆಕೆಯ ಮುಖ ಬದಲಾಯಿತು. ಹೃದಯಾಘಾತ. ಆ ಮುಕ್ಕಾಲು ಗಂಟೆಯನ್ನು ನೆನೆದರೆ ಇಂದಿಗೂ ನನಗೆ ನಿದ್ದೆ ಬರುವುದಿಲ್ಲ.

ಅಲ್ಲಿ ಕೊಡುವ ಮೊದಲ ಚಿಕಿತ್ಸೆಯನ್ನು ಕಡೆಗಣಿಸಿ ‘ದೊಡ್ಡ ಆಸ್ಪತ್ರೆಗೇ ಹೋಗೋಣ’ ಎಂದು ಹೊರಡಬೇಡಿ. ದೊಡ್ಡ ಆಸ್ಪತ್ರೆ ಎಂದರೆ ನಮಗೆ ಬೇರೆ ಜಿಲ್ಲೆ ಅಥವಾ ಬೇರೆ ರಾಜ್ಯ. ಗೋವಾದ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಗೆ ಸುಮಾರು ನೂರು ಕಿಲೋಮೀಟರ್. ಹುಬ್ಬಳ್ಳಿ, ಮಣಿಪಾಲ ಇನ್ನೂ ದೂರ. ಹುಬ್ಬಳ್ಳಿಗೆ ಅರಬೈಲ್ ಘಾಟಿ ಹತ್ತಬೇಕು, ಮಳೆಗಾಲದಲ್ಲಿ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಬೇಕು. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೀಡಾಗಿ ನಾಲ್ಕು ಜೀವಗಳು ಹೋದವು. ಜಿಲ್ಲೆಗೊಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಾವು ಕೂಗುವುದು ಹಟಕ್ಕಲ್ಲ.

ಗಡಿಯ ವಿಷಯ ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಗೋವಾ ಗಡಿಯಲ್ಲಿರುವ ಮಾಜಾಳಿ ದಾಟಿದರೆ ರಜೆಯ ಪಟ್ಟಿಯೇ ಬೇರೆ. ನವೆಂಬರ್ 1 ನಮಗೆ ರಾಜ್ಯೋತ್ಸವದ ರಜೆ, ಗೋವಾದವರಿಗೆ ಕೆಲಸದ ದಿನ. ಡಿಸೆಂಬರ್ 3 ಮತ್ತು 19 ಅವರಿಗೆ ರಜೆ, ನಮಗಲ್ಲ. ಹಾಗಾಗಿ ಸ್ಕ್ಯಾನಿಂಗಿಗೋ ತಜ್ಞರನ್ನು ಕಾಣುವುದಕ್ಕೋ ಅತ್ತ ಹೋಗುವವರು ಎರಡೂ ಕ್ಯಾಲೆಂಡರ್ ನೋಡಿಕೊಳ್ಳುತ್ತಾರೆ. ಚೌತಿಗೆ ಮಾತ್ರ ಎರಡೂ ಕಡೆ ಹಬ್ಬ. ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯಲ್ಲಿ 2018ರಿಂದ ಹೊರರಾಜ್ಯದವರಿಗೆ ಶುಲ್ಕವಿದೆ. ಆಧಾರ್, ಪಡಿತರ ಚೀಟಿಯ ಜೊತೆಗೆ ಒಂದಿಷ್ಟು ದುಡ್ಡೂ ಕೈಯಲ್ಲಿರಲಿ. ಕೊಂಕಣಿ ಬಲ್ಲವರೊಬ್ಬರು ಜೊತೆಗಿದ್ದರೆ ಅರ್ಧ ಭಾರ ಇಳಿದಂತೆ.

ನಿಮ್ಮ ಮನೆ ಕಾಳಿ ನದಿಯ ಆಚೆ ದಡದಲ್ಲಿರುತ್ತದೆ, ಆಸ್ಪತ್ರೆ ಈಚೆ. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಹೋಗಿಬರುವ ವಾಹನಗಳಿಗೆಲ್ಲ ಹೊಸ ಸೇತುವೆಯೇ ಗತಿಯಾಯಿತು. ಗಣಪತಿ ಬಿಡುವ ಸಂಜೆ ಪೇಟೆಯಲ್ಲೂ ಮೆರವಣಿಗೆಯ ಜನಸಂದಣಿ ಇರುತ್ತದೆ. 108ಕ್ಕೆ ಕರೆ ಮಾಡುವಾಗ ಸದಾಶಿವಗಡ ಎಂದಷ್ಟೇ ಹೇಳದೆ ದೇವಸ್ಥಾನ, ಶಾಲೆ, ಅಂಗಡಿ ಯಾವುದಾದರೂ ಗುರುತು ಹೇಳಿ. ಪರಿಚಯದ ರಿಕ್ಷಾದವರೊಬ್ಬರ ನಂಬರು ಗೋಡೆಯ ಮೇಲೆ ಬರೆದಿಡಿ.

ನಾಯಿ ಕಚ್ಚಿದರೂ ಹಾವು ಕಚ್ಚಿದರೂ ಇದೇ ಬಾಗಿಲು. ನಾಯಿ ಕಚ್ಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದೇ ಹೊರಡಿ. ಮುಂದಿನ ಚುಚ್ಚುಮದ್ದಿನ ದಿನ ರಜೆಗೆ ಬಂದರೆ ಮರುದಿನಕ್ಕೆ ದೂಡಬೇಡಿ, ಎಲ್ಲಿ ಹಾಕುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ತಾಯಿಯವರ ದಿನದ ಮಾತ್ರೆಗಳನ್ನು ಹಬ್ಬಕ್ಕೆ ವಾರ ಮುಂಚೆಯೇ ತಂದಿಡಿ. ಚೌತಿಯ ದಿನ ತೆರೆದ ಔಷಧ ಅಂಗಡಿ ಹುಡುಕುವುದು ಕಷ್ಟ.

ಅತ್ತೆಯವರು ಉಳಿದರು. ಈಗ ಫಲಾವಳಿ ಕಟ್ಟುವುದು ನಾನು. ಅವರು ಕೆಳಗೆ ಕುಳಿತು ಸೌತೆಕಾಯಿ, ಅಡಿಕೆ ಗೊನೆ ಎಲ್ಲಿ ಬರಬೇಕೆಂದು ಹೇಳುತ್ತಾರೆ. ಅವರ ಇಸಿಜಿ, ಮಾತ್ರೆಯ ಚೀಟಿ, ಆಧಾರ್ ಪ್ರತಿ ಎಲ್ಲವೂ ಬಾಗಿಲ ಹಿಂದೆ ಛತ್ರಿಯ ಪಕ್ಕದ ಮೊಳೆಯಲ್ಲಿ ಒಂದೇ ಚೀಲದಲ್ಲಿವೆ. ನೀವು ಬಂದ ಮೇಲೆ ತಿಳಿಸಿ. ಒಂದು ಭಾನುವಾರ ತಾಯಿಯವರನ್ನೂ ಕರೆದುಕೊಂಡು ಹೋಗಿ, ತುರ್ತು ವಿಭಾಗದ ಬಾಗಿಲು ಯಾವ ಕಡೆಗಿದೆ ಎಂದು ತೋರಿಸಿಕೊಂಡು ಬರುತ್ತೇನೆ.