ಅಡುಗೆ ಕಟ್ಟೆಯ ಸಂದು: ತುಂಬುವ ಮೊದಲು ಅಳೆಯಿರಿ

ಮಳೆ ಹಿಡಿಯುವ ಮೊದಲು ಮನೆ ಮುಗಿಸಬೇಕೆಂಬ ಅವಸರದಲ್ಲಿ ಕೂರಿಸಿದ ಗ್ರಾನೈಟ್ ಕಟ್ಟೆಗಳ ಬಗ್ಗೆ ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮದು ದಪ್ಪ ಮಣ್ಣುಗೋಡೆಯ ಹಳೇ ಮನೆ. 11 ಅಡಿ ಉದ್ದದ ಕಪ್ಪು ಗ್ರಾನೈಟ್ ಕಟ್ಟೆ ಹಾಕಿಸಿದೆವು. ಎಡತುದಿಯಲ್ಲಿ ಕಲ್ಲು ಗೋಡೆಗೆ ಅಂಟಿಕೊಂಡಿದೆ, ಬಲತುದಿಯಲ್ಲಿ 14 ಮಿ.ಮೀ. ಸಂದು. ಮೇಸ್ತ್ರಿ ವೈಟ್ ಸಿಮೆಂಟ್ ಮೆತ್ತಿದ್ದು ತಿಂಗಳಲ್ಲೇ ಬಿರಿದು ಕಪ್ಪಾಯಿತು. ನೀರು ಕೆಳಗಿನ ಕಪಾಟಿಗೆ ಇಳಿಯುತ್ತಿದೆ. ಅದನ್ನೇ ಕೆತ್ತಿ ಮತ್ತೆ ತುಂಬಿಸಬಹುದೇ? (ಗೋಣಿಕೊಪ್ಪ)

ಉತ್ತರ: ಬೇಡ, ಮತ್ತೆ ಬಿರಿಯುತ್ತದೆ. ವೈಟ್ ಸಿಮೆಂಟ್ ಒಣಗುತ್ತಾ ಕುಗ್ಗುತ್ತದೆ, ಬಳುಕುವ ಗುಣ ಅದಕ್ಕಿಲ್ಲ. ಕಟ್ಟೆ ಮತ್ತು ಗೋಡೆ ಒಂದೇ ಲೆಕ್ಕದಲ್ಲಿ ಅಲುಗುವುದಿಲ್ಲವಾದ್ದರಿಂದ ಎರಡರ ನಡುವೆ ಗಟ್ಟಿ ವಸ್ತು ನಿಲ್ಲದು. ಮೇಲಾಗಿ ಅದು ನೀರು ಹೀರುತ್ತದೆ, ಹುಳಿ ಬಿದ್ದರೆ ಸವೆಯುತ್ತದೆ. ಕಾಚಂಪುಳಿಯ (ನಮ್ಮ ಅಡುಗೆಯ ಕಪ್ಪು ಹುಳಿರಸ) ಸೀಸೆ ಇಡುವ ಮೂಲೆಯಲ್ಲಿ ಸಿಮೆಂಟು ಬೇಗ ಪುಡಿಯಾಗುವುದು ಇದಕ್ಕೇ.

ಸೊಟ್ಟ ಇರುವುದು ಕಲ್ಲೋ ಗೋಡೆಯೋ ಎಂಬುದನ್ನು ಮೊದಲು ನೋಡಿ. ಕಲ್ಲಿನ ಹಿಂದಂಚಿಗೆ ಒಂದು ತುದಿಯಿಂದ ಇನ್ನೊಂದಕ್ಕೆ ನೈಲಾನ್ ದಾರ ಬಿಗಿದು ಹಿಡಿಯಿರಿ. ಅಂಚು ಉದ್ದಕ್ಕೂ ದಾರಕ್ಕೆ ತಾಗಿದ್ದರೆ ಕಲ್ಲು ನೆಟ್ಟಗಿದೆ. ಆಮೇಲೆ ಅಡಿಗೊಂದರಂತೆ ದಾರದಿಂದ ಗೋಡೆಗೆ ಎಷ್ಟಿದೆಯೆಂದು ಅಳೆದು ಗೋಡೆಯ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಮೂಲೆ ನೋಡಲು 3-4-5 ಲೆಕ್ಕ ಸಾಕು: ಮೂಲೆಯಿಂದ ಒಂದು ಗೋಡೆಯಲ್ಲಿ 3 ಅಡಿ, ಪಕ್ಕದ ಗೋಡೆಯಲ್ಲಿ 4 ಅಡಿ ಗುರುತು ಹಾಕಿ, ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿಯಾಗಿ 90 ಡಿಗ್ರಿ ಇದೆ. ಮಣ್ಣುಗೋಡೆಯ ಮನೆಗಳಲ್ಲಿ ಇದು ತಾಳೆಯಾಗುವುದು ಅಪರೂಪ. ಕಲ್ಲು ಕೊಯ್ಯುವ ಮೊದಲು ರಟ್ಟಿನಲ್ಲಿ ಗೋಡೆಯ ಅಚ್ಚು ತೆಗೆಯಬೇಕಿತ್ತು, ಆ ಕೆಲಸ ಬಿಟ್ಟುಹೋಗಿದೆ.

ಗೋಡೆಗೆ ಟೈಲ್ಸ್ ಇನ್ನೂ ಹಾಕಿಲ್ಲದಿದ್ದರೆ ನಿಮ್ಮ ಚಿಂತೆ ಮುಕ್ಕಾಲು ಮುಗಿಯಿತು. 8 ಮಿ.ಮೀ. ಟೈಲ್ಸ್, ಅದರ ಹಿಂದೆ 4 ಮಿ.ಮೀ. ಅಂಟು ಸೇರಿ 12 ಮಿ.ಮೀ. ಮುಚ್ಚಿಹೋಗುತ್ತದೆ. ಟೈಲ್ಸನ್ನು ಕಲ್ಲಿಗೆ ತಾಗಿಸದೆ 2–3 ಮಿ.ಮೀ. ಎತ್ತರದಲ್ಲಿ ನಿಲ್ಲಿಸಿ, ಆ ಗೆರೆಗೆ ಸಿಲಿಕಾನ್ (ರಬ್ಬರಿನಂತೆ ಬಳುಕುವ ಅಂಟು) ಹಾಕಿ. ಟೈಲ್ಸ್ ಹಾಕುವ ಯೋಚನೆಯಿಲ್ಲದಿದ್ದರೆ ಎಡಭಾಗದ ಗಾರೆಯಲ್ಲಿ ಕಲ್ಲಿನ ದಪ್ಪಕ್ಕೆ ತಕ್ಕ ಗಾಡಿಯನ್ನು (ಉದ್ದ ತೋಡು), ಎಡತುದಿಯಲ್ಲಿ 8 ಮಿ.ಮೀ. ಆಳಕ್ಕೆ, ಬಲಕ್ಕೆ ಬರುತ್ತಾ ಸಣ್ಣದಾಗುವಂತೆ ಕಟರ್‌ನಿಂದ ಕೊರೆಸಿ, ಇಡೀ ಕಟ್ಟೆಯನ್ನು ಅಷ್ಟು ಹಿಂದಕ್ಕೆ ತಳ್ಳಿಸಿ. ಬಲತುದಿಯ ಸಂದು 6 ಮಿ.ಮೀ.ಗೆ ಇಳಿಯುತ್ತದೆ. ಗಾರೆ ದಾಟಿ ಮಣ್ಣಿಗೆ ಕೈ ಹಾಕಬಾರದು. ಟೈಲ್ಸ್ ಆಗಲೇ ಹಾಕಿ ಮುಗಿದಿದ್ದರೆ 18 ಮಿ.ಮೀ. ದಪ್ಪ, 3 ಇಂಚು ಎತ್ತರದ ಗ್ರಾನೈಟ್ ಪಟ್ಟಿಯನ್ನು ಗೋಡೆಗುಂಟ ನಿಲ್ಲಿಸುವುದೊಂದೇ ದಾರಿ; ಬಲತುದಿಯಲ್ಲಿ ಅದು ಕಲ್ಲಿನ ಮೇಲೆ ಕೂರುವುದು 4 ಮಿ.ಮೀ. ಮಾತ್ರ, ಹಾಗಾಗಿ ಕೆಳಗಿನ ಸಂದನ್ನು ಮೊದಲೇ ಮುಚ್ಚಿರಬೇಕು.

ಸಿಲಿಕಾನ್ ಕೊಳ್ಳುವಾಗ ‘ನ್ಯೂಟ್ರಲ್’ ಎಂದು ಬರೆದದ್ದನ್ನೇ ಕೇಳಿ. ವಿನೆಗರ್ ವಾಸನೆ ಬರುವ ಅಗ್ಗದ ಟ್ಯೂಬಿನಲ್ಲಿರುವ ಆಮ್ಲ ಸಿಮೆಂಟಿಗೂ ಅಮೃತಶಿಲೆಗೂ ಆಗುವುದಿಲ್ಲ. ತಿಳಿ ಬಣ್ಣದ ಗ್ರಾನೈಟಾದರೆ ಉಳಿದ ತುಂಡಿನ ಮೇಲೆ ಹಚ್ಚಿ ಕೆಲವು ದಿನ ಬಿಟ್ಟು ನೋಡಿ, ಎಣ್ಣೆಯಂಥ ಕಲೆ ಹಿಡಿಯುವುದುಂಟು. ಹಳೆಯದನ್ನು ಪೂರಾ ಕೆರೆದು, ಥಿನ್ನರ್ ಬಟ್ಟೆಯಿಂದ ಜಿಡ್ಡು ಒರೆಸಿ. ಸಂದು 5 ಮಿ.ಮೀ. ಮೀರಿದ್ದರೆ ಒಳಗೆ ಅದಕ್ಕಿಂತ ತುಸು ದಪ್ಪದ ಫೋಮ್ ಹಗ್ಗ ಒತ್ತಿ, ಮೇಲೆ 5 ಮಿ.ಮೀ. ಆಳ ಬಿಡಿ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಒಂದೇ ಎಳೆತದಲ್ಲಿ ತುಂಬಿ, ಸೋಪುನೀರಿನಲ್ಲಿ ಅದ್ದಿದ ಬೆರಳಿನಿಂದ ನೀವಿ, ಕೆನೆ ಕಟ್ಟುವ ಮೊದಲೇ ಟೇಪ್ ಕೀಳಿ. 5 ಮಿ.ಮೀ. ಅಗಲ, ಅಷ್ಟೇ ಆಳದ ಸಂದಿಗೆ 300 ಮಿ.ಲೀ. ಟ್ಯೂಬು 12 ಮೀಟರ್ ಬರುತ್ತದೆ; ನಿಮ್ಮ ಕಟ್ಟೆಗೆ ಒಂದು ಧಾರಾಳ. ದಿನಕ್ಕೆ ಸುಮಾರು 2 ಮಿ.ಮೀ. ಆಳ ಗಟ್ಟಿಯಾಗುವುದರಿಂದ ಮೂರು ದಿನ ಆ ಕಡೆ ನೀರು ತಾಗಿಸಬೇಡಿ.

ಒಂದು ಎಚ್ಚರಿಕೆ. ಸಿಲಿಕಾನ್ ಗಟ್ಟಿಯಾಗಲು ಗಾಳಿಯ ತೇವ ಬೇಕು, ಆದರೆ ಅದು ಹಿಡಿಯುವ ಮೈ ಒಣಗಿರಲೇಬೇಕು. ಜುಲೈ, ಆಗಸ್ಟಿನಲ್ಲಿ ನಮ್ಮ ಗೋಡೆಗಳು ಮುಟ್ಟಿದರೆ ತಣ್ಣಗಿರುತ್ತವೆ. ತುರ್ತಾದರೆ ಹೇರ್ ಡ್ರೈಯರ್ ಹಿಡಿದು ಒಣಗಿಸಿ ಹಾಕಬಹುದು, ಬಾಳಿಕೆ ಬೇಕಾದರೆ ಪುತ್ತರಿ ಹಬ್ಬ (ನವೆಂಬರ್–ಡಿಸೆಂಬರ್) ಕಳೆದ ಮೇಲೆ ಮಾಡಿಸಿ.

ಪ್ರಶ್ನೆ: ಎಲ್ ಆಕಾರದ ಕಟ್ಟೆಯಲ್ಲಿ ಎರಡು ಕಲ್ಲು ಸೇರುವಲ್ಲಿ ಒಂದು ಎತ್ತರ, ಒಂದು ತಗ್ಗು. ಒರೆಸುವ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಉಜ್ಜಿ ಸಮ ಮಾಡಿಕೊಡುತ್ತೇವೆ ಎನ್ನುತ್ತಾರೆ. (ಮಡಿಕೇರಿ)

ಉತ್ತರ: ಉಜ್ಜಲು ಬಿಡಬೇಡಿ. ಕಾರ್ಖಾನೆಯ ಹೊಳಪನ್ನು ಮನೆಯಲ್ಲಿ ಕೈಮಿಷನ್ನಿನಿಂದ ಅದೇ ಮಟ್ಟಕ್ಕೆ ತರುವುದು ತೀರಾ ಕಷ್ಟ, ಕಪ್ಪು ಕಲ್ಲಿನಲ್ಲಂತೂ ಉಜ್ಜಿದ ಜಾಗ ಬೂದುಬೂದಾಗಿ ಎದ್ದು ಕಾಣುತ್ತದೆ. ತಗ್ಗಿದ ಕಲ್ಲಿನ ಮೂಲೆಯನ್ನು ಅಂಗೈಯಿಂದ ಒತ್ತಿ, ನಾಣ್ಯದಿಂದ ತಟ್ಟಿ. ಅಲುಗಿದರೆ, ಟೊಳ್ಳು ಸದ್ದು ಬಂದರೆ ಕೆಳಗೆ ಆಧಾರ ಕೂತಿಲ್ಲ. ಆ ಕಲ್ಲನ್ನು ಎಬ್ಬಿಸಿ, ಅಡಿಯ ಗಾರೆ ಕೆತ್ತಿ, ರಸಮಟ್ಟ ಇಟ್ಟು ಮತ್ತೆ ಕೂರಿಸಬೇಕು. ಸೇರುವ ಜಾಗದ ನೇರ ಕೆಳಗೆ ಕಡಪ ಕಲ್ಲಿನದೋ ಇಟ್ಟಿಗೆಯದೋ ಆಧಾರ ಇರಲೇಬೇಕು. ಸಂದನ್ನು 1–2 ಮಿ.ಮೀ.ಗೆ ತಂದು, ಕಲ್ಲಿನ ಬಣ್ಣ ಬೆರೆಸಿದ ಎಪಾಕ್ಸಿ (ಹಾರ್ಡ್‌ನರ್ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿಸಿ. ಮಡಿಕೇರಿಯ ಚಳಿಯಲ್ಲಿ ಎಪಾಕ್ಸಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಬೇಗ ಆಗಲೆಂದು ಹಾರ್ಡ್‌ನರ್ ಹೆಚ್ಚು ಸುರಿದರೆ ಅಳತೆ ಕೆಟ್ಟು ಕೆಲಸ ಹಾಳು. ಡಬ್ಬಿಯ ಮೇಲಿನ ಪ್ರಮಾಣವನ್ನೇ ಪಾಲಿಸಿ.

ಪ್ರಶ್ನೆ: ಕಲ್ಲಿನ ಅಡಿಯಿಂದ ಕೂರಿಸಿದ ಸ್ಟೀಲ್ ಸಿಂಕ್ ಸುತ್ತ ಸಂದು ಬಿಟ್ಟಿದೆ. ಎರಡು ಸಲ ಸಿಲಿಕಾನ್ ಹಾಕಿಸಿದರೂ ನಿಲ್ಲುತ್ತಿಲ್ಲ. (ಸೋಮವಾರಪೇಟೆ)

ಉತ್ತರ: ಸಿಂಕಿಗೆ ಆಧಾರವಿಲ್ಲ. 24 × 18 × 8 ಇಂಚಿನ ಸಿಂಕ್ ತುಂಬಿದರೆ 50 ಕೆ.ಜಿ.ಗೂ ಮೀರಿದ ನೀರು, ಅಷ್ಟನ್ನೂ ಅಂಟೊಂದೇ ಹೊತ್ತಿದೆ. ಎರಡು ಬದಿಗೂ ಗೋಡೆಗೆ ಅಥವಾ ಕಪಾಟಿನ ಪಕ್ಕದ ಹಲಗೆಗೆ ಸ್ಟೀಲ್ ಆ್ಯಂಗಲ್ ಬಿಗಿದು, ಅದರ ಮೇಲೆ ಸಿಂಕಿನ ಅಂಚು ಕೂರುವಂತೆ ಮಾಡಿ. ಹಳೇ ಸಿಲಿಕಾನ್ ಮೇಲೆ ಹೊಸದು ಹಿಡಿಯುವುದಿಲ್ಲ, ಪೂರ್ತಿ ತೆಗೆದು ಹಾಕಿಸಿ.

ಪ್ರಶ್ನೆ: ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ನಮ್ಮ ಹೊಸ ಮನೆ. ಕಟ್ಟೆ ಹಾಕುವಾಗ ಗೋಡೆಗೆ 2 ಮಿ.ಮೀ. ಇದ್ದ ಸಂದು ಈ ಮಳೆಗಾಲ ಕಳೆದ ಮೇಲೆ 5 ಮಿ.ಮೀ. ಆಗಿದೆ. ಯಾವುದರಿಂದ ತುಂಬಿಸಲಿ? (ಮಡಿಕೇರಿ ತಾಲ್ಲೂಕು)

ಉತ್ತರ: ಸದ್ಯಕ್ಕೆ ಯಾವುದರಿಂದಲೂ ಬೇಡ. ತುಂಬಿದರೆ ಸಂದು ಬೆಳೆಯುತ್ತಿದೆಯೋ ನಿಂತಿದೆಯೋ ಗೊತ್ತಾಗದೆ ಹೋಗುತ್ತದೆ. ಕಟ್ಟೆ ಪ್ಲೈವುಡ್ ಕಪಾಟಿನ ಮೇಲಿದ್ದರೆ ಮೊದಲು ಅದರ ಬುಡ ನೋಡಿ. ಐಎಸ್ (ಭಾರತೀಯ ಮಾನಕ) 303ರ ಸಾಧಾರಣ ಎಂಆರ್ ಪ್ಲೈ, ಅಂದರೆ ತೇವ ಮಾತ್ರ ತಡೆಯುವ ಪ್ಲೈವುಡ್, ನೀರು ಕುಡಿದು ಊದಿದರೆ ಕಲ್ಲು ಒಂದು ಕಡೆ ಎದ್ದು ವಾಲುತ್ತದೆ. ಅಡುಗೆಮನೆಗೆ ಐಎಸ್ 710 ಮುದ್ರೆಯ ಮರೈನ್ (ನೀರು ತಡೆಯುವ) ಪ್ಲೈಯೇ ಬೇಕು, ಕಪಾಟು ನೆಲಕ್ಕೆ ತಾಗದೆ 4 ಇಂಚಿನ ಕಾಲುಗಳ ಮೇಲೆ ನಿಲ್ಲಬೇಕು.

ಪ್ಲೈ ಸರಿಯಿದ್ದರೆ ಸಂಶಯ ನೆಲದ ಮೇಲೆ. ಕಡಿದ ಮಣ್ಣನ್ನು ಇಳಿಜಾರಿನ ಕಡೆಗೆ ತುಂಬಿ ಮಾಡಿದ ನಿವೇಶನದಲ್ಲಿ ಒಂದು ಭಾಗ ಗಟ್ಟಿ, ಇನ್ನೊಂದು ಸಡಿಲ. ಸಡಿಲ ಭಾಗ ನೀರು ಕುಡಿದು ಕುಸಿಯುತ್ತದೆ. ಸಂದಿನ ಮೂರು ಕಡೆ ಅಳೆದು ಪಕ್ಕದಲ್ಲಿ ತಾರೀಖಿನ ಸಮೇತ ಬರೆದಿಡಿ, ಪ್ರತಿ ತಿಂಗಳು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಗೋಡೆಯಲ್ಲಿ ಬಿರುಕಿದ್ದರೆ ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ತುಂಡನ್ನು ಎರಡು ತುದಿಗೂ ಅಂಟಿಸಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದೆಯೇ, ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹೊರಟಿದೆಯೇ, ಮಾಡಿನ ನೀರು ಬುಡದಲ್ಲೇ ಇಂಗುತ್ತಿದೆಯೇ ಎಂದೂ ನೋಡಿ. ನೀರನ್ನು ಕಾಂಕ್ರೀಟ್ ಚರಂಡಿ ಕಟ್ಟಿ ದೂರ ಹರಿಸುವುದು ಈಗಲೇ ಆಗಬೇಕು. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆ ನಮ್ಮದು. ಇಂಥ ಗುರುತುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಗ್ರಾನೈಟಿನವರನ್ನಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ಅಡಿಪಾಯ ತೋರಿಸಿ. ಒಂದು ಪೂರ್ತಿ ಮಳೆಗಾಲ ಅಳತೆ ಬದಲಾಗದೆ ನಿಂತರೆ ಆಮೇಲೆ ಸಿಲಿಕಾನ್ ಹಾಕಿಸಿ.

ಪ್ರಶ್ನೆ: ಮೇಸ್ತ್ರಿಗೆ ಬಾಕಿ ಹಣ ಕೊಡುವ ಮೊದಲು ಏನು ಪರೀಕ್ಷಿಸಬೇಕು? (ಕುಶಾಲನಗರ)

ಉತ್ತರ: ಸಿಲಿಕಾನ್ ಹಾಕಿ ಮೂರು ದಿನ ಕಳೆದ ಮೇಲೆ ಕಪಾಟಿನೊಳಗೆ ಒಣ ನ್ಯೂಸ್‌ಪೇಪರ್ ಹಾಸಿ. ಗೋಡೆಗುಂಟ, ಸಿಂಕಿನ ಸುತ್ತ, ಕಲ್ಲು ಸೇರುವಲ್ಲಿ ಚೊಂಬಿನಿಂದ ನಿಧಾನಕ್ಕೆ ನೀರು ಹನಿಸಿ ಅರ್ಧ ಗಂಟೆ ಬಿಡಿ. ಪೇಪರಿನ ಮೇಲೆ ಒದ್ದೆ ಚುಕ್ಕಿ ಬಿದ್ದ ಜಾಗದ ನೇರ ಮೇಲೆ ಕೆಲಸ ಬಾಕಿಯಿದೆ. ಕಟ್ಟೆಯ ಮೇಲೆ ನೀರು ಎಲ್ಲಿ ನಿಂತಿತು ಎಂಬುದನ್ನೂ ಆಗಲೇ ಅವರಿಗೆ ತೋರಿಸಿ.