ಹಾರ್ಟ್‌ಮನ್‌ನ 352 ಮತ್ತು ಕೋವಿ ಹಿಡಿದು ಹೊರಟ ಮೆಕ್ಯಾನಿಕ್

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಎರಿಖ್ ಹಾರ್ಟ್‌ಮನ್ ಎಂಬ ಜರ್ಮನ್ ಪೈಲಟ್ ಒಬ್ಬನೇ 352 ವಿಮಾನ ಉರುಳಿಸಿದನಂತೆ. ನಂಬಬಹುದೇ ಸರ್? ಯುದ್ಧ ಮುಗಿದ ಮೇಲೆ ಆತ ಏನಾದ?
- ಕಾಲೇಜು ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ಏರ್‌ಫೋರ್ಸ್‌ನಲ್ಲಿದ್ದೆ ನಿಜ ಮಾರಾಯ, ಆದರೆ ಹಾರಿದವನಲ್ಲ. ಸ್ಪ್ಯಾನರ್ ಹಿಡಿದು ರೆಕ್ಕೆಯಡಿ ಮಲಗಿದವನು. ಹಾಗಾಗಿ ಈ ಕಥೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಹೈಂಜ್ ಮೆರ್ಟೆನ್ಸ್ ಎಂಬವನ ಕಡೆಗೆ. ಹಾರ್ಟ್‌ಮನ್‌ನ ವಿಮಾನ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಆತ.

1943ರ ಆಗಸ್ಟ್ 20ರಂದು ಹಾರ್ಟ್‌ಮನ್‌ನ ಮೆಸ್ಸರ್‌ಶ್ಮಿಟ್ 109 ಶತ್ರುವಿನ ನೆಲದಲ್ಲಿ ಇಳಿಯಬೇಕಾಯಿತು. ಸೋವಿಯತ್ ಸೈನಿಕರು ಹಿಡಿದರು. ಹೊಟ್ಟೆಗೆ ಪೆಟ್ಟಾಗಿದೆ ಎಂದು ನರಳಿ ನಾಟಕ ಮಾಡಿದ ಹಾರ್ಟ್‌ಮನ್, ಮೇಲೆ ಜರ್ಮನ್ ವಿಮಾನಗಳು ಬಂದ ಗಲಿಬಿಲಿಯಲ್ಲಿ ಕಾವಲಿನವನನ್ನು ತಳ್ಳಿ ಲಾರಿಯಿಂದ ಹಾರಿ ಓಡಿದ. ಇತ್ತ ತನ್ನ ಪೈಲಟ್ ಬರಲಿಲ್ಲವೆಂದು ಮೆರ್ಟೆನ್ಸ್ ಕೋವಿ ಹೆಗಲಿಗೇರಿಸಿ ಹುಡುಕಲು ಹೊರಟೇಬಿಟ್ಟಿದ್ದ! ಇಬ್ಬರೂ ಜೀವಂತ ಮರಳಿದರು. ಕೋವಿ ಪೂಜೆ ಮಾಡುವ ನಮ್ಮೂರಿನವರಿಗೆ ಇದನ್ನು ಹೇಳಿದರೆ 'ಭೇಷ್' ಎನ್ನುತ್ತಾರೆ.

ಇನ್ನು 352ರ ವಿಷಯ. ಅದು ಜರ್ಮನ್ ವಾಯುಪಡೆಯ ಲೆಕ್ಕ. ಸೋವಿಯತ್ ಕಡತಗಳ ಜೊತೆ ತಾಳೆ ನೋಡಿದ ಕೆಲವರು ಅಷ್ಟು ಹೊಂದುವುದಿಲ್ಲ ಎಂದು ವಾದಿಸಿದ್ದಾರೆ. ಕಾಳಗದ ಗಡಿಬಿಡಿಯಲ್ಲಿ ಹೊಗೆ ಬಿಟ್ಟದ್ದೆಲ್ಲ ಬಿದ್ದಂತೆಯೇ ಕಾಣುತ್ತದೆ. ಈ ತಪ್ಪು ಎಲ್ಲ ದೇಶದವರೂ ಮಾಡಿದ್ದಾರೆ. ಹಾಗೆಂದು ಪೂರಾ ಬುರುಡೆಯೂ ಅಲ್ಲ. ಹಾರ್ಟ್‌ಮನ್ ಇದ್ದ ದಳದವರೇ ಆದ ಬಾರ್ಕ್‌ಹಾರ್ನ್ ಹೆಸರಲ್ಲಿ 301, ರಾಲ್ ಹೆಸರಲ್ಲಿ 275 ಇವೆ. ಅಮೆರಿಕದ ಪೈಲಟ್ ನಿಗದಿತ ಅವಧಿ ಮುಗಿಸಿದರೆ ಮನೆಗೆ ಹೋಗುತ್ತಿದ್ದ. ಜರ್ಮನ್‌ಗೆ ಆ ಭಾಗ್ಯವಿಲ್ಲ, ಸಾಯುವವರೆಗೆ ಅಥವಾ ಯುದ್ಧ ಮುಗಿಯುವವರೆಗೆ ಹಾರಬೇಕು. 1942ರ ಅಕ್ಟೋಬರ್‌ನಿಂದ 1945ರ ಮೇ 8ರವರೆಗೆ ಹಾರ್ಟ್‌ಮನ್ ಹಾರಿದ್ದು 1,404 ಸಲ, ಕಾಳಗಕ್ಕಿಳಿದದ್ದು 825 ಸಲ.

ಮೊದಲ ಕಾಳಗದಲ್ಲಿ ತನ್ನ ಮುಂದಾಳುವಿನ ವಿಮಾನವನ್ನೇ ಶತ್ರುವಿನದೆಂದು ಹೆದರಿ ಓಡಿ, ಪೆಟ್ರೋಲ್ ಮುಗಿದು ಎಲ್ಲೋ ಇಳಿಸಿದ ಭೂಪ ಈತ. ಶಿಕ್ಷೆ ಏನು ಗೊತ್ತೇ? ಮೂರು ದಿನ ಮೆಕ್ಯಾನಿಕ್‌ಗಳ ಜೊತೆ ಕೆಲಸ. (ಆ ಶಿಕ್ಷೆಯನ್ನು ನಾನು ಸಂಬಳ ತೆಗೆದುಕೊಂಡು ಇಡೀ ಸರ್ವೀಸ್ ಅನುಭವಿಸಿದ್ದೇನೆ.) ಆಮೇಲೆ ಕಲಿತದ್ದು ಇಷ್ಟೇ: ನೋಡು, ನಿರ್ಧರಿಸು, ಹೊಡೆ, ಜಾಗ ಬಿಡು. ಗಾಜಿನ ತುಂಬ ಶತ್ರುವಿನ ವಿಮಾನವೇ ಕಾಣುವಷ್ಟು ಹತ್ತಿರ ಹೋಗದೆ ಗುಂಡು ಬಿಡುತ್ತಿರಲಿಲ್ಲ. ಹಂದಿಯ ಕೂದಲು ಕಾಣುವ ತನಕ ಕೋವಿಯ ಕುದುರೆ ಎಳೆಯಬೇಡ ಎಂದು ನನ್ನ ಅಜ್ಜ ಹೇಳುತ್ತಿದ್ದದ್ದೂ ಇದನ್ನೇ.

ಆದರೆ ಹಾರಿದ್ದು ಹಿಟ್ಲರನ ಸೈನ್ಯಕ್ಕಾಗಿ, ಪದಕ ಪಡೆದದ್ದೂ ಅವನ ಕೈಯಿಂದಲೇ. ಜಾಣ್ಮೆ ಮೆಚ್ಚುವಾಗ ಅದನ್ನು ಬದಿಗಿಡಲು ನನಗಾಗದು.

ಯುದ್ಧ ಮುಗಿದಾಗ ಅಮೆರಿಕನ್ನರಿಗೆ ಶರಣಾದ. ಅವರು ಸೋವಿಯತ್‌ಗೆ ಒಪ್ಪಿಸಿದರು. ಯುದ್ಧಾಪರಾಧಿ ಎಂದು 25 ವರ್ಷ ಶಿಕ್ಷೆಯಾಯಿತು. ಬಿಡುಗಡೆ ಸಿಕ್ಕಿದ್ದು 1955ರಲ್ಲಿ. ಅಷ್ಟರಲ್ಲಿ, ಒಮ್ಮೆಯೂ ಮುಖ ನೋಡದ ಮಗ ತೀರಿಹೋಗಿದ್ದ. 1997ರಲ್ಲಿ ರಷ್ಯಾ ಆ ತೀರ್ಪನ್ನು ರದ್ದು ಮಾಡಿತು, ಆದರೆ ಹಾರ್ಟ್‌ಮನ್ 1993ರಲ್ಲೇ ಸತ್ತಿದ್ದ.

ಬಿಡುಗಡೆಯ ನಂತರ ಪಶ್ಚಿಮ ಜರ್ಮನಿಯ ವಾಯುಪಡೆ ಸೇರಿ ಜೆಟ್ ದಳವೊಂದನ್ನು ನಡೆಸಿದ. ಅಮೆರಿಕದ ಸ್ಟಾರ್‌ಫೈಟರ್ ಜೆಟ್ ವಿಮಾನ ನಮ್ಮ ಹುಡುಗರಿಗೆ ಇನ್ನೂ ಬೇಡ ಎಂದು ಮೇಲಿನವರ ಜೊತೆ ಜಗಳವಾಡಿದ. ಅವರು ಕೇಳಲಿಲ್ಲ, ಆ ವಿಮಾನದ ಅಪಘಾತಗಳಲ್ಲಿ ನೂರಕ್ಕೂ ಹೆಚ್ಚು ಜರ್ಮನ್ ಪೈಲಟ್‌ಗಳು ಸತ್ತರು.

ಸ್ಟಾರ್‌ಫೈಟರ್ ಎಂದಾಗ ಕೊಡಗಿನವನಾದ ನಾನು ನಮ್ಮ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯನವರನ್ನು ನೆನೆಯದೆ ಮುಂದೆ ಹೋಗುವುದು ಹೇಗೆ? 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ಅದಕ್ಕಿಂತ ಎಷ್ಟೋ ನಿಧಾನದ ಮಿಸ್ಟೇರ್ ವಿಮಾನದಲ್ಲಿದ್ದ ಅವರು ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಉರುಳಿಸಿದರು, ತಾವು ಮರಳಲಿಲ್ಲ. ನೋಡಿದವರು ನಮ್ಮ ಕಡೆ ಯಾರೂ ಇರಲಿಲ್ಲ. ಆ ಕಡೆಯ ವಿವರ ಹೊರಬಂದ ಮೇಲೆ, 1988ರಲ್ಲಿ ಮಹಾವೀರ ಚಕ್ರ ಬಂತು. ಒಂದೇ ಒಂದು ವಿಮಾನ ಲೆಕ್ಕಕ್ಕೆ ಸೇರಲು 23 ವರ್ಷ. ಮಡಿಕೇರಿಗೆ ಬಂದಾಗ ಅವರ ಹೆಸರಿನ ವೃತ್ತ ನೋಡಿಕೊಂಡು ಹೋಗು.