ಹಳೆ ಮನೆಯ ರೂಮಿಗೆ ನಾವೇ ಪೇಂಟ್ ಹೊಡೆಯಬಹುದಾ? ಪ್ರೈಮರ್ ಬಿಟ್ಟರೆ ನಡೆಯುತ್ತಾ?

ನೀವು ಕೇಳಿದ್ದು: ಮೂವತ್ತು ವರ್ಷ ಹಳೆಯ ಮನೆ, ಮಕ್ಕಳ ರೂಮು, ಗೌರಿ ಹಬ್ಬಕ್ಕೆ ಎರಡು ವಾರ ಇದೆ, ಶನಿವಾರ ಭಾನುವಾರದಲ್ಲಿ ನಾನೇ ಹೊಡೆದು ಮುಗಿಸಬಹುದಾ, ಪ್ರೈಮರ್ ಬೇಕೇ ಬೇಕಾ.

ಹೊಡೆಯಬಹುದು. ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ತಳದ ಕೋಟು, ಅದನ್ನು ಬಿಡಬೇಡಿ. ಎರಡು ದಿನಕ್ಕೆ ಮುಗಿಯುವುದಿಲ್ಲ. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು, ಮುಂದಿನದ್ದೆಲ್ಲ ನನ್ನ ಎಡವಟ್ಟಿನ ಕತೆ.

ನಮ್ಮದು ತೀರ್ಥಹಳ್ಳಿ ಕಡೆ ಅಜ್ಜ ಕಟ್ಟಿಸಿದ ಮನೆ. ಗಾರೆ ಗೋಡೆ, ಕೆಂಪು ಗಾರೆ ನೆಲ, ಮೇಲೆ ಮರದ ಮುಚ್ಚಿಗೆ. ರೂಮು 10 ಅಡಿಗೆ 12 ಅಡಿ, ಎತ್ತರ 9 ಅಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 345 ಚದರಡಿ ಗೋಡೆ. ಊರಿನ ಪೇಂಟರ್ ಸಾಮಾನು ಸೇರಿ 11,000 ರೂಪಾಯಿ ಹೇಳಿದರು. ನಾನು ಅದೇ ರಾತ್ರಿ ಚೀಟಿಯಲ್ಲಿ ಲೆಕ್ಕ ಹಾಕಿ 4,500ಕ್ಕೆ ಮುಗಿಸುತ್ತೇನೆ ಅಂದೆ. ಹೆಂಡತಿ "ಯಾವತ್ತಾದರೂ ಬ್ರಷ್ ಹಿಡಿದಿದ್ದೀರಾ?" ಅಂತ ಕೇಳಿದಳು. ಹಿಡಿದಿದ್ದೆ, ಅದೇ ತೊಂದರೆ ಆಗಿದ್ದು. ಚಿಕ್ಕವನಿದ್ದಾಗ ದೀಪಾವಳಿಗೆ ಮುಂಚೆ ಸುಣ್ಣದ ಕಲ್ಲನ್ನು ಡ್ರಮ್ಮಿನ ನೀರಿಗೆ ಹಾಕಿ, ಅದು ಕೊತಕೊತ ಕುದಿಯುವುದನ್ನು ನೋಡಿ, ಚೂರು ನೀಲಿ ಬೆರೆಸಿ ಗೋಡೆಗೆಲ್ಲ ಬಳಿದವನು ನಾನು. ಗೋಡೆ ಗುಡಿಸಿ ಬಳಿದರೆ ಆಯಿತು, ಹೋದ ವರ್ಷದ ಸುಣ್ಣದ ಮೇಲೆ ಈ ವರ್ಷದ ಸುಣ್ಣ ಕೂರುತ್ತದೆ. ಪೇಂಟ್ ಕೂಡ ಹಾಗೇ ಅಂದುಕೊಂಡೆ.

ಆಗಸ್ಟ್ ತಿಂಗಳು. ಮಲೆನಾಡಿನ ಆಗಸ್ಟ್ ಹೇಗಿರುತ್ತೆ ಅಂತ ಗೊತ್ತಲ್ವಾ, ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥದ್ದರಲ್ಲಿ ಗೋಡೆಯನ್ನು ಪೊರಕೆಯಲ್ಲಿ ಒಮ್ಮೆ ಗುಡಿಸಿ, ನೇರವಾಗಿ ಎಮಲ್ಷನ್ (ನೀರು ಬೆರೆಸಿ ಗೋಡೆಗೆ ಹೊಡೆಯುವ ಪೇಂಟ್) ಹೊಡೆದೆ. ಮೊದಲ ಕೋಟು ಎಷ್ಟು ಚೆನ್ನಾಗಿ ಬಂತು ಅಂದರೆ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಮರುದಿನ ಎರಡನೇ ಕೋಟಿಗೆ ರೋಲರ್ ಇಟ್ಟು ಮೇಲಕ್ಕೆ ಎಳೆದರೆ, ಪೇಂಟ್ ಗೋಡೆಗೆ ಹತ್ತುವ ಬದಲು ಗೋಡೆಯಲ್ಲಿದ್ದ ಪೇಂಟೇ ಎದ್ದು ಬಂದು ರೋಲರಿಗೆ ಸುತ್ತಿಕೊಂಡಿತು, ಪಳಗದ ಕಾವಲಿಯಲ್ಲಿ ದೋಸೆ ಕಿತ್ತು ಸಟ್ಟುಗಕ್ಕೆ ಸುತ್ತಿಕೊಳ್ಳುತ್ತಲ್ಲ, ಹಾಗೆ. ಕಿತ್ತ ಪದರದ ಹಿಂಬದಿ ನೋಡಿದೆ. ಹಿಟ್ಟು ಮೆತ್ತಿದಂತೆ ಬಿಳಿ ಪುಡಿ, ಅದರ ಕೆಳಗೆ ಅಕ್ಕನ ಮದುವೆಗೆ ಹೊಡೆಸಿದ್ದ ಗುಲಾಬಿ ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿಯ ಅಗ್ಗದ ಬಣ್ಣ), ಅದರ ಕೆಳಗೆ ಮತ್ತೆ ಸುಣ್ಣ. ನಾನು ಗೋಡೆಗೆ ಪೇಂಟ್ ಹೊಡೆದೇ ಇರಲಿಲ್ಲ, ಧೂಳಿಗೆ ಹೊಡೆದಿದ್ದೆ.

ಇದನ್ನು ಹತ್ತು ಸೆಕೆಂಡಿನಲ್ಲಿ ಮೊದಲೇ ಕಂಡುಹಿಡಿಯಬಹುದಿತ್ತು. ಅಂಗೈ ಒದ್ದೆ ಮಾಡಿಕೊಂಡು ಗೋಡೆಗೆ ಗಟ್ಟಿಯಾಗಿ ಉಜ್ಜಿ. ಕೈಗೆ ಬಿಳಿ ಮೆತ್ತಿದರೆ ಸುಣ್ಣವೋ ಹಳೆ ಡಿಸ್ಟೆಂಪರೋ ಇದೆ ಅಂತ ಅರ್ಥ, ಅದನ್ನು ಕೆರೆದು ತೆಗೆಯದೆ ಬೇರೆ ದಾರಿ ಇಲ್ಲ. ಕೆರೆಯುವುದಕ್ಕೂ ಒಂದು ಕ್ರಮ ಇದೆ. ಒಣಗಿದ್ದಾಗ ಕೆರೆದರೆ ರೂಮು ಹಿಟ್ಟಿನ ಗಿರಣಿ ಆಗುತ್ತದೆ. ಸ್ಪಂಜಿನಲ್ಲಿ ನೀರು ಹಚ್ಚಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಪುಟ್ಟಿ ಬ್ಲೇಡನ್ನು ಸ್ವಲ್ಪ ಓರೆಯಾಗಿ ಹಿಡಿದು ತಳ್ಳಿದರೆ ಚಕ್ಕೆಚಕ್ಕೆಯಾಗಿ ಬರುತ್ತದೆ. ನನಗೆ ಮೂರು ದಿನ ಹಿಡಿಯಿತು. ಒಂದು ಸಿಮೆಂಟ್ ಚೀಲದ ತುಂಬ ಚಕ್ಕೆ. ಬಲಗೈ ಮೇಲೆತ್ತಿ ಬಾಚಣಿಗೆ ಹಿಡಿಯಲು ಆಗುತ್ತಿರಲಿಲ್ಲ.

ಬಾಗಿಲು ಕಿಟಕಿಯ ಹಳೆ ಆಯಿಲ್ ಪೇಂಟ್ ಬಗ್ಗೆ ಮಾತ್ರ ತಮಾಷೆ ಬೇಡ, ನಿಮ್ಮದು ಮಕ್ಕಳ ರೂಮು. ಮನೆಗೆ ಹೊಡೆಯುವ ಪೇಂಟಿನಲ್ಲಿ ಸೀಸ, ಅಂದರೆ ಲೆಡ್ ಅನ್ನುವ ವಿಷದ ಲೋಹ, 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು ಅಂತಲೇ ಇಟ್ಟುಕೊಳ್ಳಿ. ಒಣ ಉಪ್ಪುಕಾಗದ ಹಾಕಿ ಉಜ್ಜಬೇಡಿ, ನೀರು ಹಾಕಿ ಉಜ್ಜುವ ಕಾಗದ ಸಿಗುತ್ತದೆ, ಅದನ್ನು ತನ್ನಿ. ಮಾಸ್ಕ್ ಹಾಕಿಕೊಳ್ಳಿ. ಆ ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆ ಕೆಲಸ ಮುಗಿಯುವ ತನಕ ಮಕ್ಕಳು ಬೇರೆ ರೂಮಿನಲ್ಲಿ ಮಲಗಲಿ.

ಕೆರೆದ ಗೋಡೆಯ ಗುಳಿ ಮುಚ್ಚಿ ನುಣುಪು ಮಾಡಲು ಬಳಿಯುವುದು ಪುಟ್ಟಿ. ಅದರ ವಿಷಯದಲ್ಲಿ ನಾನು ಮಾಡಿದ್ದು ಶುದ್ಧ ದಡ್ಡತನ. ಬಿಳಿ ಸಿಮೆಂಟಿನ ಪುಟ್ಟಿ, 5 ಕೆಜಿ ಪ್ಯಾಕೆಟ್, ಪೂರ್ತಿ ಒಂದೇ ಸಲ ಕಲಸಿಟ್ಟೆ. ಮಧ್ಯಾಹ್ನ ಊಟ ಮಾಡಿ, ಒಂದು ನಿದ್ದೆ ತೆಗೆದು ಬರುವಷ್ಟರಲ್ಲಿ ಬಕೆಟ್ಟಿನಲ್ಲಿ ಕಲ್ಲು. ಬಕೆಟ್ ಸಮೇತ ಹಿತ್ತಲಿಗೆ ಹೋಯಿತು, ಈಗ ತುಳಸಿ ಗಿಡಕ್ಕೆ ನೀರು ಹಾಕುವಾಗ ನಿಲ್ಲಲು ಮೆಟ್ಟಿಲು. ಒಂದು ಗಂಟೆಯಲ್ಲಿ ಖಾಲಿ ಆಗುವಷ್ಟು ಮಾತ್ರ ಕಲಸಿ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಎಳೆಯುವುದು ಒಳ್ಳೆಯದು. ಪೂರ್ತಿ ಒಣಗಿದ ಮೇಲೆ 180 ನಂಬರಿನ ಕಾಗದದಲ್ಲಿ ಉಜ್ಜಿ, ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಆನಿಸಿ ಅಡ್ಡಡ್ಡ ಬಿಟ್ಟು ನೋಡಿ. ಹಗಲು ಕಾಣದ ಗುಳಿ ದಿಣ್ಣೆಯೆಲ್ಲ ನೆರಳು ಬಿಟ್ಟು ಎದ್ದು ನಿಲ್ಲುತ್ತವೆ. ಇದನ್ನು ನನಗೆ ಹೇಳಿಕೊಟ್ಟಿದ್ದು 11,000 ಕೇಳಿದ ಅದೇ ಪೇಂಟರ್, ಹಾಲು ತರಲು ಹೋಗುವ ದಾರಿಯಲ್ಲಿ ಕಿಟಕಿಯಿಂದ ಇಣುಕಿ. ನಗಲಿಲ್ಲ ಪುಣ್ಯಾತ್ಮ. ಆಮೇಲೆ ಧೂಳು ಒರೆಸಿ ಪ್ರೈಮರ್. ಪ್ರೈಮರ್ ಯಾಕೆ ಅಂದರೆ, ಪುಟ್ಟಿ ನೀರು ಕುಡಿಯುತ್ತದೆ. ಮೊದಲು ಪ್ರೈಮರ್ ಕುಡಿಸದಿದ್ದರೆ ದುಬಾರಿ ಪೇಂಟನ್ನು ಕುಡಿಯುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ. ಗೋಡೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಒಂದು ಗೋಡೆ ಕೈಕೊಟ್ಟಿತು. ಅದರ ಆಚೆ ಬಚ್ಚಲು. ಬಣ್ಣ ಹೊಡೆದು ಎಂಟೇ ದಿನಕ್ಕೆ ನೆಲದಿಂದ ಎರಡಡಿ ಎತ್ತರದ ತನಕ ಗುಳ್ಳೆ ಎದ್ದವು. ಒಂದನ್ನು ಉಗುರಿನಲ್ಲಿ ಒತ್ತಿದೆ, ಪಿಚಕ್ಕನೆ ನೀರು ಬಂತು, ಹಿಂದೆಯೇ ಉಪ್ಪಿನಂಥ ಬಿಳಿ ಬೂಷ್ಟು. ಶೀತ ಹಿಡಿದ ಗೋಡೆ ಸುಣ್ಣ ಬಳಿದಾಗಲೂ ಶೀತವೇ ಇತ್ತು, ಆದರೆ ಸುಣ್ಣದಲ್ಲಿ ಗೋಡೆ ಉಸಿರಾಡುತ್ತದೆ, ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಎಮಲ್ಷನ್ ಅಂದರೆ ಗೋಡೆಗೆ ರೇನ್‌ಕೋಟ್ ತೊಡಿಸಿದ ಹಾಗೆ. ನೀರು ದಾರಿ ಕಾಣದೆ ಪೇಂಟನ್ನೇ ತಳ್ಳುತ್ತದೆ. ನಿಮಗೆ ಅಂಥ ಗೋಡೆಯ ಅನುಮಾನ ಇದ್ದರೆ, ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಗಡೆ, ಗೋಡೆ ಕಡೆಗೆ ಹನಿ ಕಟ್ಟಿದ್ದರೆ ಪೇಂಟ್ ಡಬ್ಬ ತೆರೆಯಲೇಬೇಡಿ. ಮೊದಲು ಬಚ್ಚಲಿನ ಪೈಪು, ಟೈಲ್ಸ್ ಸಂದು ನೋಡಿ.

ಬಣ್ಣದ ಲೆಕ್ಕಕ್ಕೆ ಬರೋಣ. 4 ಲೀಟರ್ ಡಬ್ಬ ತಂದಿದ್ದೆ. ಎಷ್ಟು ನೀರು ಬೆರೆಸಬೇಕು ಅಂತ ಡಬ್ಬದ ಮೇಲೇ ಬರೆದಿತ್ತು, ನಾನು ಗಟ್ಟಿಯಿದ್ದರೆ ಒಳ್ಳೆಯದು ಅಂತ ನೀರೇ ಹಾಕದೆ ಹೊಡೆದೆ. ಗೀರುಗೀರು ಬಂತು, ಬಣ್ಣವೂ ಬೇಗ ಖಾಲಿಯಾಯಿತು. ಕಿತ್ತು ಹೋಗಿದ್ದು ಬೇರೆ. ಕೊನೆಗೆ ಅದೇ ಅಂಗಡಿ, ಅದೇ ಶೇಡ್ ನಂಬರ್, ಇನ್ನೊಂದು 4 ಲೀಟರ್, ಆಮೇಲೆ ಸಾಲದೆ 1 ಲೀಟರ್. ಮಿಷನ್ನಿನಲ್ಲಿ ಬೆರೆಸಿದ ಬಣ್ಣ ಡಬ್ಬದಿಂದ ಡಬ್ಬಕ್ಕೆ ಒಂದು ಕೂದಲೆಳೆ ಬದಲಾಗಬಹುದು. ನನ್ನ ದುರದೃಷ್ಟಕ್ಕೆ ಹೊಸ ಡಬ್ಬ ಶುರುವಾಗಿದ್ದು ಗೋಡೆಯ ನಟ್ಟನಡುವೆ. ಎಲ್ಲ ಡಬ್ಬವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಒಟ್ಟಿಗೆ ಕಲಸಿಕೊಳ್ಳಿ. ಅದು ಆಗಲಿಲ್ಲ ಅಂದರೆ ಮೂಲೆಗೆ ಬಂದಾಗ ಡಬ್ಬ ಬದಲಿಸಿ. ಶೇಡ್ ಕಾರ್ಡನ್ನು ನಂಬಬೇಡಿ ಅಂತಲೂ ಹೇಳಿಬಿಡುತ್ತೇನೆ. ಕಾರ್ಡಿನಲ್ಲಿ ಬೆಣ್ಣೆ ಬಣ್ಣ ಇದ್ದದ್ದು ನಾಲ್ಕು ಗೋಡೆಗೆ ಹರಡಿದಾಗ, ರೂಮಿಗೆ ಅರಿಶಿನ ಎಣ್ಣೆ ಶಾಸ್ತ್ರ ಮಾಡಿದ ಹಾಗೆ ಕಂಡಿತು. ಒಂದು ರಟ್ಟಿನ ಮೇಲೆ ಎರಡು ಕೋಟು ಹೊಡೆದು, ಬೆಳಿಗ್ಗೆ ಒಮ್ಮೆ, ರಾತ್ರಿ ಟ್ಯೂಬ್‌ಲೈಟಿನಲ್ಲಿ ಒಮ್ಮೆ ನೋಡಿ.

ಉಳಿದದ್ದು ಚಿಲ್ಲರೆ ಅನಾಹುತ. ನೆಲಕ್ಕೆ ಪೇಪರ್ ಹಾಸಬೇಡಿ, ಬಣ್ಣ ಇಳಿದು ಪೇಪರ್ ಸಮೇತ ಅಂಟುತ್ತದೆ. ಅದನ್ನು ತೆಗೆಯಲು ನಾನು ಕೆಂಪು ನೆಲಕ್ಕೆ ಥಿನ್ನರ್ ಹಾಕಿದೆ, ಮೂರು ತಲೆಮಾರು ಒರೆಸಿ ಒರೆಸಿ ಬಂದ ಹೊಳಪು ಆ ಜಾಗದಲ್ಲಿ ಹೋಯಿತು, ಅಮ್ಮ ಈಗಲೂ ಅಲ್ಲಿಗೆ ಬಂದಾಗ ಒಮ್ಮೆ ನಿಲ್ಲುತ್ತಾಳೆ. ಟಾರ್ಪಾಲ್ ಹಾಸಿ. ಬಾಗಿಲಿಗೆ ಬಣ್ಣ ತಾಗದಿರಲಿ ಅಂತ ಅಂಚಿಗೆ ಅಂಟಿಸಿದ ಟೇಪನ್ನು ಬಣ್ಣ ಇನ್ನೂ ಹಸಿ ಇರುವಾಗಲೇ ನಿಧಾನಕ್ಕೆ ಓರೆಯಾಗಿ ಎಳೆಯಿರಿ, ಮೂರು ದಿನ ಬಿಟ್ಟರೆ ಬಣ್ಣವನ್ನೂ ಕರೆದುಕೊಂಡು ಬರುತ್ತದೆ. ಹೊಡೆಯುವಾಗ ಫ್ಯಾನ್ ಬೇಡ, ಅಂಚು ಬೇಗ ಒಣಗಿ ಪಟ್ಟೆ ಬೀಳುತ್ತದೆ.

ಈಗ ನಿಮ್ಮ ಎರಡು ವಾರದ ಪ್ರಶ್ನೆ. ಅಂಗೈಗೆ ಏನೂ ಮೆತ್ತದಿದ್ದರೆ, ಗೋಡೆ ಒಣಗಿದ್ದರೆ, ಆರಾಮಾಗಿ ಆಗುತ್ತದೆ. ಬಿಳಿ ಮೆತ್ತಿತು, ಹೊರಗೆ ಮಳೆಯೂ ಇದೆ ಅಂದರೆ ಹಬ್ಬ ಹಳೆ ಬಣ್ಣದಲ್ಲೇ ಆಗಲಿ, ದೀಪಾವಳಿ ಕಳೆದ ಮೇಲೆ ಶುರು ಮಾಡಿ.

ನನ್ನ ಖರ್ಚು ಕೇಳಿದರೆ, ಸಾಮಾನಿಗೆ 8,600. ಬಚ್ಚಲ ಕಡೆಯ ಗೋಡೆಯನ್ನು ಕೆರೆದು ಮತ್ತೆ ಸುಣ್ಣ ಬಳಿಯಲು ಅದೇ ಪೇಂಟರಿಗೆ 1,500. ಹನ್ನೊಂದು ಸಾವಿರಕ್ಕೆ ಒಂಬೈನೂರು ಉಳಿಯಿತು, ಹದಿಮೂರು ದಿನ ಹೋಯಿತು. ಶೇಡ್ ಬದಲಾದ ಜಾಗಕ್ಕೆ ಪಂಚಾಂಗದ ಕ್ಯಾಲೆಂಡರ್ ಹಾಕಿದ್ದೇವೆ. ಒಂದು ಸಾಲಲಿಲ್ಲ, ಅದಕ್ಕೇ ಎರಡು ಇವೆ.